ನಮ್ಮ ಮನೆಯ ಕೂಗು

ಎಂಟನೇ ತರಗತಿಯಲ್ಲಿದ್ದಾಗ ನನ್ನ ಗಂಟಲು ಏಳು ತಿಂಗಳು ರಜೆ ಹಾಕಿತ್ತು. ನೆಗಡಿಯಿಲ್ಲ, ಕೆಮ್ಮಿಲ್ಲ. ಹೊಸದುರ್ಗದ ಡಾಕ್ಟರು ಬಾಯಿ ತೆಗೆಸಿ, ಟಾರ್ಚ್ ಬಿಟ್ಟು ನೋಡಿ, "ಗಂಟಲಿಗೇನೂ ಆಗಿಲ್ಲವಲ್ಲ" ಎಂದು ಅವ್ವನ ಮುಖ ನೋಡಿದರು. ಗಂಟಲಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ನಾನು ಮಾತಾಡುತ್ತಿರಲಿಲ್ಲ, ಅಷ್ಟೇ.

ಅದಕ್ಕೆ ಮೊದಲು ನನ್ನ ಬಾಯಿ ಮುಚ್ಚಿಸುವುದೇ ಮನೆಯವರಿಗೊಂದು ಕೆಲಸವಾಗಿತ್ತು. ಹೊಸದುರ್ಗದಿಂದ ಬಾಗೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ನಾನು ಮತ್ತು ನೂರಿಪ್ಪತ್ತು ಕುರಿ. ಮನೆಯ ಹಿಂದೆಯೇ ಮುಳ್ಳುಬೇಲಿಯ ರೊಪ್ಪ. ಸಂಜೆಗೆ ಕುರಿಯೆಲ್ಲ ಅದರೊಳಗೆ ಸೇರಬೇಕು. ಸೇರಿಸುವುದಕ್ಕೆ ನಮ್ಮ ಮನೆಗೊಂದು ಕೂಗು ಇದೆ. ಮೊದಲು ನಾಲಿಗೆ ಅದುರಿಸಿ "ಉರ್‍ರ್‍ರ್‍ರ್" ಎನ್ನಬೇಕು, ಆಮೇಲೆ ದನಿಯನ್ನು ಮೇಲಕ್ಕೆ ಎತ್ತಿ "ಹೊಯ್ಯೋ… ಬಾ ಬಾ ಬಾ" ಎಂದು ಇಳಿಸಬೇಕು. ಪಕ್ಕದ ಹಟ್ಟಿಯವರ ಕೂಗು ಬೇರೆ, ಹರಿಯಬ್ಬೆ ಕಡೆಯವರದು ಇನ್ನೂ ಬೇರೆ. ಎರಡು ಮಂದೆಗಳು ದಾರಿಯಲ್ಲಿ ಕಲೆತುಹೋದರೆ ಯಾರೂ ಕೋಲು ಎತ್ತುವುದಿಲ್ಲ. ಇವರೊಂದು ಕಡೆ, ಅವರೊಂದು ಕಡೆ ನಿಂತು ಕೂಗುತ್ತಾರೆ. ಕುರಿಗಳೇ ಬೇರ್ಪಟ್ಟು ತಮ್ಮ ತಮ್ಮ ಮನೆಯವರ ಹತ್ತಿರ ಬರುತ್ತವೆ. ಸಣ್ಣವಳಿದ್ದಾಗ ಇದನ್ನು ಮೊದಲ ಸಲ ನೋಡಿ ನಾನು ಅಪ್ಪನ ಲುಂಗಿ ಹಿಡಿದು ಕುಣಿದಿದ್ದೆನಂತೆ.

ಕೂಗು ಅಜ್ಜಿಯದು. ಅಜ್ಜಿಗೆ ಹಲ್ಲು ಉದುರಿದ ಮೇಲೆ ನಾಲಿಗೆ ಅದುರದೆ ಬರೀ ಗಾಳಿ ಬರತೊಡಗಿತು. ಅಪ್ಪನಿಗೆ ಗಂಟಲಲ್ಲಿ ಗಂಟಾಗಿ ಆಪರೇಷನ್ ಆದ ಮೇಲೆ ದನಿ ಸವೆದು ಪಿಸುಮಾತಾಯಿತು. ಹಾಗಾಗಿ ಹತ್ತನೇ ವಯಸ್ಸಿಗೆ ಕೂಗು ನನಗೆ ಬಂತು. ಅಜ್ಜಿ ಕಲಿಸುವಾಗ ಒಂದೇ ಒಂದು ಕಟ್ಟಳೆ ಹಾಕಿದ್ದಳು. "ಕೂಗಿ ಕರೆದ್ ಮ್ಯಾಲೆ ಕೈಯಾಗ ಏನಾರ ಇರ್ಬೇಕು. ಒಂದು ಹಿಡಿ ಜಾಲಿಕಾಯಿನಾದ್ರೂ ಸೈ. ಬರಿಗೈಲಿ ಕರೆದ್ರೆ ಅದು ಸುಳ್ಳು ಕೂಗು." ದಿನಾ ಸಂಜೆ ನಾನು ಫ್ರಾಕಿನ ಜೇಬಿನಲ್ಲಿ ಜಾಲಿಕಾಯಿ ತುಂಬಿಕೊಂಡು ದಿಬ್ಬದ ಮೇಲೆ ನಿಂತು ಕೂಗುತ್ತಿದ್ದೆ. ಅರ್ಧ ಮೈಲಿ ದೂರದಿಂದ ಮಂದೆ ಧೂಳೆಬ್ಬಿಸಿಕೊಂಡು ನನ್ನತ್ತ ಬರುವಾಗ ಜಿಲ್ಲೆಗೆ ನಾನೇ ಯಜಮಾನಿ ಅನ್ನಿಸುತ್ತಿತ್ತು.

ಎಂಟನೇ ತರಗತಿಗೆ ಹೊಸದುರ್ಗದ ಶಾಲೆ ಸೇರಿದೆ. ಅಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಪೇಟೆಯ ಬಟ್ಟೆ ಅಂಗಡಿಯವರ ಮಗಳು. ಅವಳಿಗೆ ಹೆಸರಿಡದೆ ಗೆಳತಿ ಎಂದೇ ಕರೆಯುತ್ತೇನೆ, ಆಗ ಹಾಗೇ ಅಂದುಕೊಂಡಿದ್ದೆ. ಜುಲೈನ ಒಂದು ಭಾನುವಾರ ಅವಳು ನಮ್ಮೂರಿಗೆ ಬಂದಳು. ಅವ್ವ ಶೇಂಗಾ ಹುರಿದುಕೊಟ್ಟಳು, ಅಜ್ಜಿ ಅವಳ ಗಲ್ಲ ಹಿಡಿದು ಮಾತಾಡಿಸಿದಳು. ಸಂಜೆ ನಾನು ಅವಳನ್ನು ದಿಬ್ಬಕ್ಕೆ ಕರೆದುಕೊಂಡು ಹೋಗಿ, ನೋಡು ಅಂತ ಕೂಗಿ ತೋರಿಸಿದೆ. ಅವಳು ತನ್ನ ಅಣ್ಣನ ಫೋನಿನಲ್ಲಿ ವಿಡಿಯೊ ಮಾಡಿಕೊಂಡಳು. ಕೂಗುವಾಗ ನಾನು ಕಣ್ಣು ಮುಚ್ಚುತ್ತೇನೆ, ಮೂಗು ಅಗಲವಾಗುತ್ತದೆ, ಕತ್ತಿನ ನರ ಉಬ್ಬುತ್ತದೆ. ಅದುವರೆಗೆ ಅದು ನನಗೆ ಗೊತ್ತೇ ಇರಲಿಲ್ಲ. ಕುರಿಗಳು ಯಾವತ್ತೂ ಹೇಳಿರಲಿಲ್ಲ.

ಸೋಮವಾರ ನಾನು ತರಗತಿಗೆ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ "ಮ್ಯಾ" ಎಂದು ಒಂದು ದನಿ ಬಂತು. ಆಮೇಲೆ ಹತ್ತು, ಆಮೇಲೆ ನಲವತ್ತು. ಆನ್‌ಲೈನ್ ಪಾಠದ ಕಾಲಕ್ಕೆ ಮಾಡಿದ್ದ ತರಗತಿಯ ವಾಟ್ಸಾಪ್ ಗುಂಪೊಂದಿತ್ತು, ನಾನು ಸೇರಿದಾಗ ಅವ್ವನ ನಂಬರನ್ನೂ ಅದಕ್ಕೆ ಸೇರಿಸಿದ್ದರು, ಆಮೇಲೆ ಟೀಚರುಗಳೆಲ್ಲ ಅದನ್ನು ಮರೆತೇಬಿಟ್ಟಿದ್ದರು. ಅದರಲ್ಲಿ ನನ್ನ ವಿಡಿಯೊ ಬಂದಿತ್ತು. ಯಾರೋ ಅದರ ಬಾಲಕ್ಕೆ ತಮ್ಮೆಲ್ಲರ ನಗುವನ್ನೂ "ಮ್ಯಾ ಮ್ಯಾ"ವನ್ನೂ ಅಂಟಿಸಿದ್ದರು. ನನ್ನ ಮುಖಕ್ಕೆ ಕುರಿಯ ಕಿವಿ ಹಚ್ಚಿ ಸ್ಟಿಕರ್ ಮಾಡಿದ್ದರು. ಗುಡ್ ಮಾರ್ನಿಂಗ್‌ಗೂ ಅದೇ ಸ್ಟಿಕರ್, ಹುಟ್ಟುಹಬ್ಬಕ್ಕೂ ಅದೇ ಸ್ಟಿಕರ್. ಗೆಳತಿ ಬೆಂಚು ಬದಲಿಸಿಕೊಂಡಳು. "ನಾನು ಒಬ್ಬಳಿಗೇ ಕಳಿಸಿದ್ದು" ಎಂದಳು, ನನ್ನ ಕಡೆ ನೋಡದೆ.

ಹೊಡೆದಿದ್ದರೆ ತಿರುಗಿ ಹೊಡೆಯುತ್ತಿದ್ದೆ, ಆ ಕೆಲಸಕ್ಕೆ ನನ್ನ ಕೈ ಹಿಂದೆ ಬಿದ್ದಿದ್ದಿಲ್ಲ. ಆದರೆ ಇದನ್ನು ಎಲ್ಲಿ ಹೊಡೆಯುವುದು? ಶಾಲೆ ಬಿಟ್ಟರೂ ಅದು ಬಿಡುತ್ತಿರಲಿಲ್ಲ. ಬಸ್ಸಿಳಿದು ಮನೆಗೆ ಬಂದರೆ ಅವ್ವನ ಫೋನಿನಲ್ಲಿ ನನಗಿಂತ ಮೊದಲೇ ಬಂದು ಕೂತಿರುತ್ತಿತ್ತು. ಅವ್ವನಿಗೆ ಓದಲು ಬರದು, ಗುಂಪು ತೆರೆದು ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದೆ. ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ. ಹುಣ್ಣನ್ನು ಪದೇ ಪದೇ ಮುಟ್ಟಿ ನೋಡಿಕೊಳ್ಳುವ ಹಾಗೆ ಇವತ್ತು ಯಾರು ನಕ್ಕಿದ್ದಾರೆ ಅಂತ ನೋಡಿಕೊಳ್ಳುತ್ತಿದ್ದೆ.

ಹಾಜರಿ ಕೂಗಿದಾಗ "ಪ್ರೆಸೆಂಟ್ ಮಿಸ್" ಎಂದರೆ ಹಿಂದಿನಿಂದ "ಮ್ಯಾ". ಹಾಗಾಗಿ ಕೈ ಎತ್ತತೊಡಗಿದೆ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ನಿಂತಿರುತ್ತಿದ್ದೆ. ಬೆಳಿಗ್ಗೆ ಎರಡು ಸಲ ಸ್ನಾನ, ಕಂಕುಳಿಗೆ ಕತ್ತಿಗೆ ಪೌಡರು, ಆದರೂ ನನ್ನ ಮೂಗಿಗೆ ನಾನೇ ನಾರುತ್ತಿದ್ದೆ. ಬಸ್ಸಿನ ಹಾರನ್ ಕೇಳಿದೊಡನೆ ಹೊಟ್ಟೆಯಲ್ಲಿ ನೋವು ಶುರುವಾಗುತ್ತಿತ್ತು. ಸುಳ್ಳು ನೋವಲ್ಲ, ಬಗ್ಗಿಸಿ ಕೂರಿಸುವಂಥ ನೋವು. ಬಾಚಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿತ್ತು. ಹದಿಮೂರು ವರ್ಷದವಳಿಗೆ ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತಿತ್ತು ಎಂದು ಈಗ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆಗ ಸಿಟ್ಟೂ ಬರುತ್ತಿರಲಿಲ್ಲ. ನಾನು ಹುಟ್ಟಿದ್ದೇ ತಪ್ಪೇನೋ ಎಂಬಂತೆ ತಲೆ ತಗ್ಗಿಸಿ ಓಡಾಡುತ್ತಿದ್ದೆ.

ಎಲ್ಲಕ್ಕಿಂತ ಮೊದಲು ನಿಂತಿದ್ದು ಕೂಗು. ದಿಬ್ಬಕ್ಕೆ ಹೋಗುವುದನ್ನೇ ಬಿಟ್ಟೆ. ಅಪ್ಪ ಕತ್ತಲಾಗುವ ತನಕ ಬೀಳುತ್ತಾ ಏಳುತ್ತಾ ಮಂದೆಯ ಸುತ್ತ ಓಡಿ ಓಡಿ ರೊಪ್ಪಕ್ಕೆ ಸೇರಿಸುತ್ತಿದ್ದ. ನಾನು ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ದಸರಾ ರಜೆ ಮುಗಿಯುವ ದಿನ ಅಪ್ಪನಿಗೆ ಹೇಳಿಬಿಟ್ಟೆ, ಶಾಲೆಗೆ ಹೋಗಲ್ಲ ಎಂದು. ಯಾಕೆ ಎಂದು ಹೇಳಲಿಲ್ಲ. ಅಪ್ಪ, "ಪರೀಕ್ಷೆ ಒಂದು ಮುಗೀಲವ್ವ, ಆಮ್ಯಾಲೆ ನಿನ್ನಿಷ್ಟ" ಎಂದ. ಮಾರ್ಚ್‌ಗೆ ಶಾಲೆ ಬಿಡುವುದು ಎಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ನಮ್ಮ ಮನೆಯಲ್ಲಿ ಏಳನೇ ತರಗತಿ ದಾಟಿದವಳು ನಾನೊಬ್ಬಳೇ.

ಈಗ ಅಪ್ಪನ ಅವಾಂತರಕ್ಕೆ ಬರುತ್ತೇನೆ. ಇಂಥದ್ದನ್ನು ಕುರಿ ಸಾಕುವವರು ಮಾತ್ರ ಮಾಡಲು ಸಾಧ್ಯ.

ಆ ವಿಡಿಯೊ ಕೈಯಿಂದ ಕೈಗೆ ಹೋಗಿ, ಹಿರಿಯೂರಿನಲ್ಲಿದ್ದ ನಮ್ಮ ಸೋದರತ್ತೆಯ ಫೋನಿಗೆ ತಲುಪಿ, ಅಲ್ಲಿಂದ ಡಿಸೆಂಬರ್‌ನಲ್ಲಿ ಅಪ್ಪನಿಗೆ ಬಂತು. ಅಪ್ಪನಿಗೆ ಖುಷಿಯೋ ಖುಷಿ. ಮಗಳ ಕೂಗು ಹಿರಿಯೂರಿನ ತನಕ ಹೋಗಿದೆ! ಅಷ್ಟಕ್ಕೇ ನಿಲ್ಲಲಿಲ್ಲ. ಮಗಳು ಕೂಗುತ್ತಿಲ್ಲ, ತನಗೆ ದನಿಯಿಲ್ಲ, ಆದರೆ ಫೋನಿನಲ್ಲಿ ಕೂಗು ಇದೆ. ಹಿರಿಯೂರಿಗೆ ಹೋಗಿ ಕುತ್ತಿಗೆಗೆ ನೇತುಹಾಕಿಕೊಳ್ಳುವ ಒಂದು ಸ್ಪೀಕರ್ ತಂದ. ಒಂದು ಸಂಜೆ ನಾನು ಒಳಗೆ ಮಲಗಿದ್ದಾಗ ದಿಬ್ಬದ ಮೇಲಿಂದ ನನ್ನದೇ ದನಿ ಕೇಳಿಸಿತು. "ಉರ್‍ರ್‍ರ್‍ರ್… ಹೊಯ್ಯೋ… ಬಾ ಬಾ ಬಾ." ಅದರ ಹಿಂದೆಯೇ ನಲವತ್ತು ಜನರ ನಗು, "ಮ್ಯಾ ಮ್ಯಾ". ನಮ್ಮೂರಿಗೆಲ್ಲ ಕೇಳುವ ಹಾಗೆ!

ಕುರಿಗಳು ಬಂದವಂತೆ. ನಗು ಬಂದಾಗ ಬೆಚ್ಚಿ ನಿಂತವಂತೆ, ಆದರೂ ಬಂದವಂತೆ. ಅಪ್ಪ ಗೆದ್ದವನ ಹಾಗೆ ಮನೆಗೆ ಬಂದ. ನಾನು ಅವನ ಕುತ್ತಿಗೆಯಿಂದ ಸ್ಪೀಕರ್ ಕಿತ್ತು ಅಂಗಳಕ್ಕೆ ಎಸೆದೆ. ತಿಂಗಳುಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಜೋರು ಮಾತು ಬೈಗುಳ.

"ಯಾಕವ್ವ? ಎಷ್ಟು ಚೆಂದ ಕೂಗೀಯ" ಎಂದ ಅಪ್ಪ.

"ಕೊನಿಗೆ ನಗ್ತಾರಲ್ಲ, ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು. ಖುಷಿಗೆ ನಗ್ತಾವೆ ಹುಡುಗ್ರು ಅಂತ ಅನ್ಕಂಡಿದ್ದೆ."

ಅವನು ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. ಆ ಮುಖ ನೋಡಿ ನಾನು ಕುಸಿದು ಕೂತು ಎಲ್ಲವನ್ನೂ ಹೇಳಿದೆ. ಗುಂಪು, ಸ್ಟಿಕರ್, ಗೆಳತಿ, ಹೊಟ್ಟೆನೋವು, ಏಳಲು ಮನಸ್ಸಾಗದ ಬೆಳಗುಗಳು. ಅವ್ವ ಅಳುತ್ತಾ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅಪ್ಪ ಅಂಗಳದಲ್ಲಿ ಬಿದ್ದಿದ್ದ ಸ್ಪೀಕರನ್ನು ಎತ್ತಿಕೊಂಡು ಧೂಳು ಒರೆಸುತ್ತಾ ನಿಂತ. ಅಜ್ಜಿಯೊಬ್ಬಳೇ ಕಣ್ಣೀರು ಹಾಕಲಿಲ್ಲ. "ಜಾಲಿಕಾಯಿ ಹಾಕಿದ್ಯೇನೋ ಕುರಿಗೆ?" ಎಂದು ಅಪ್ಪನನ್ನು ಕೇಳಿದಳು. ಇಲ್ಲ ಎಂದ. "ಹಂಗಾದ್ರೆ ಸುಳ್ಳು ಕೂಗು. ಆ ಹುಡುಗ್ರೂ ಸುಳ್ಳು ಕೂಗಿದ್ರು, ನೀನೂ ಸುಳ್ಳು ಕೂಗಿದೆ. ಇನ್ನು ನಮ್ ಕೂಗು ಕುರಿ ನಂಬ್ತಾವೋ ಇಲ್ಲೋ" ಎಂದು ಎದ್ದು ಒಳಗೆ ಹೋದಳು. ಅಪ್ಪ ಮರುದಿನವೇ ಶಾಲೆಗೆ ಬರುತ್ತೇನೆಂದ. ಬಂದರೆ ನಾನು ಬಾವಿಗೆ ಹಾರುತ್ತೇನೆ ಎಂದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. ಅಪ್ಪ ಹೆದರಿ ಸುಮ್ಮನಾದ. ಫೋನಿನ ಕೂಗನ್ನು ಮತ್ತೆ ಹಾಕಲಿಲ್ಲ.

ಫೆಬ್ರವರಿಯಲ್ಲಿ ಕೊಯ್ಲು ಮುಗಿದ ಹೊಲಗಳಿಗೆ ಮಂದೆ ಹೊರಡುತ್ತದೆ. ಹೊಳಲ್ಕೆರೆ ಕಡೆಯ ರೈತರು ಗೊಬ್ಬರಕ್ಕಾಗಿ ಕುರಿಗಳನ್ನು ತಮ್ಮ ಹೊಲದಲ್ಲಿ ಕೂರಿಸಲು ಕರೆಯುತ್ತಾರೆ. ಆ ದಾರಿ ನಮ್ಮ ಶಾಲೆಯ ಮುಂದೆಯೇ ಹೋಗುತ್ತದೆ. ಶಾಲೆ ಶುರುವಾಗುವ ಮೊದಲೇ ದಾಟಿಬಿಡುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ಆದರೆ ಎರಡು ಕುರಿ ಕುಂಟಿದವು, ತಡವಾಯಿತು. ನಾವು ಮಧ್ಯಾಹ್ನದ ಊಟಕ್ಕೆ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಮಂದೆ ಶಾಲೆಯ ಗೇಟಿನ ಮುಂದಿತ್ತು. ಎದುರಿನಿಂದ ಹರಿಯಬ್ಬೆ ಕಡೆಯವರ ಇನ್ನೊಂದು ಮಂದೆ ಬಂತು. ನಡುವೆ ಸಿಕ್ಕಿಕೊಂಡ ಬಸ್ಸೊಂದು ಜೋರಾಗಿ ಹಾರನ್ ಹೊಡೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಮಂದೆಗಳೂ ಕಲೆತು ರಸ್ತೆ ತುಂಬ ಕುರಿಯೇ ಕುರಿ.

ಇಡೀ ಶಾಲೆ ಕಾಂಪೌಂಡಿಗೆ ಬಂದು ನಿಂತಿತು. ನಮ್ಮ ತರಗತಿಯವರಿಗೆ ಹೇಳಬೇಕೇ? "ಮ್ಯಾ ಮ್ಯಾ" ಎಂದು ಮೇಳ ಶುರುವಾಯಿತು. ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ರಸ್ತೆಯಾಚೆ ಹರಿಯಬ್ಬೆಯ ಯಜಮಾನ ತನ್ನ ಕೂಗು ಹಾಕಿದ. ಅವನ ಕುರಿಗಳು ಹೊರಟವು. ಕೂಗಿಗೆ ಎದುರು ಕೂಗು ಇಲ್ಲದ್ದರಿಂದ ನಮ್ಮ ಕುರಿಗಳೂ ಅವುಗಳ ಹಿಂದೆ ಹೊರಟವು. ಅಪ್ಪ ಬಾಯಿಗೆ ಕೈ ಅಡ್ಡವಿಟ್ಟು ಕೂಗಿದ, ದನಿ ಪಕ್ಕದವರಿಗೂ ಕೇಳಲಿಲ್ಲ. ಜೇಬಿಗೆ ಕೈ ಹಾಕಿ ಫೋನ್ ತೆಗೆದ.

ಆ ವಿಡಿಯೊ ಹಾಕುತ್ತಾನೆ, ಇಡೀ ಶಾಲೆಯ ಮುಂದೆ ಹಾಕುತ್ತಾನೆ ಎಂದುಕೊಂಡೆ.

ಆಗ ಅಪ್ಪ ತಲೆಯೆತ್ತಿ ಕಾಂಪೌಂಡಿನ ಕಡೆ ನೋಡಿದ. ನಗು ಅವನ ಕಿವಿಗೆ ಬಿತ್ತು. ಅದೇ ನಗು, ದಿಬ್ಬದ ಮೇಲೆ ತಾನೇ ಹಾಕಿದ್ದ ನಗು. ಗುರುತು ಹಿಡಿದ. ಆ ಗುಂಪಿನ ಮುಂದೆ ನಿಂತಿದ್ದ ನನ್ನನ್ನೂ ನೋಡಿದ. ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, ನಾನು ಯಾರೋ ಎಂಬಂತೆ ಮುಖ ಆಚೆ ತಿರುಗಿಸಿ, ಹೋಗುತ್ತಿದ್ದ ಕುರಿಗಳ ಹಿಂದೆ ಎಡವುತ್ತಾ ಓಡತೊಡಗಿದ. ಕುರಿ ಹೋದರೂ ಸರಿ, ಮಗಳಿಗೆ ನಾಚಿಕೆಯಾಗಬಾರದು ಎಂದು ನನ್ನಪ್ಪ ನನ್ನ ಗುರುತೇ ಇಲ್ಲದವನಂತೆ ನಡೆದುಕೊಂಡ.

ಏಳು ತಿಂಗಳು ಎಲ್ಲಿ ಹೋಗಿತ್ತೋ ನನ್ನ ಸಿಟ್ಟು, ಆ ಕ್ಷಣ ಅಂಗಾಲಿನಿಂದ ನೆತ್ತಿಗೆ ಏರಿತು. ಬ್ಯಾಗು ಬಿಸಾಕಿ ಕಾಂಪೌಂಡ್ ಗೋಡೆ ಹತ್ತಿದೆ. ಕೂಗಿದೆ. ಬರೀ ಗೊರಗೊರ ಸದ್ದು ಬಂತು. ಹಿಂದೆ ನಗು ಜಾಸ್ತಿಯಾಯಿತು. ಉಗುಳು ನುಂಗಿ ಮತ್ತೆ ಕೂಗಿದೆ. ಈ ಸಲ ನಾಲಿಗೆ ಅದುರಿತು, ದನಿ ಎದ್ದಿತು. ಮಂದೆಯ ಮುಂದಾಳು, ಕಿವಿ ಹರಿದ ಮುದಿ ಕುರಿ, ನಿಂತು ತಲೆಯೆತ್ತಿತು. ಆದರೆ ಬರಲಿಲ್ಲ. ಇದೂ ಸುಳ್ಳು ಕೂಗೇ ಎಂದು ಅಳೆಯುವ ಹಾಗೆ ನನ್ನನ್ನೇ ನೋಡುತ್ತಿತ್ತು. ಅಜ್ಜಿ ಹೇಳಿದ್ದು ನಿಜವಾಗಿತ್ತು.

ಗೋಡೆಯಿಂದ ರಸ್ತೆಗೆ ಹಾರಿದೆ. ಕೈ ಬರಿದಾಗಿತ್ತು. "ಅಕ್ಕಾ, ಸೊಪ್ಪು!" ಎಂದು ಅರಚಿದೆ. ಬಿಸಿಯೂಟದ ಅಡುಗೆಯ ಅಕ್ಕ ತಾನೂ ಕುರಿ ಸಾಕುವ ಮನೆಯವಳು, ನನ್ನನ್ನು ಏನೂ ಕೇಳಲಿಲ್ಲ. ಆ ಬೆಳಿಗ್ಗೆ ಸಾರಿಗೆ ಸೋಸಿ ಉಳಿದಿದ್ದ ನುಗ್ಗೆಸೊಪ್ಪಿನ ಕಡ್ಡಿ, ಕೋಸಿನ ಎಲೆಗಳ ಬುಟ್ಟಿಯನ್ನೇ ಹೊತ್ತು ಗೇಟಿನಿಂದ ಓಡಿಬಂದಳು. ಎರಡೂ ಕೈಯಲ್ಲಿ ಸೊಪ್ಪು ಹಿಡಿದು, ಕಣ್ಣು ಮುಚ್ಚಿ, ಮೂಗು ಅಗಲಿಸಿ, ಕತ್ತಿನ ನರ ಎಷ್ಟು ಬೇಕಾದರೂ ಉಬ್ಬಲಿ ಎಂದು ಕೂಗಿದೆ. ಆ ಕೂಗು ಊರಿನ ದಿಬ್ಬದ ಮೇಲೂ ನಾನು ಯಾವತ್ತೂ ಕೂಗದಂಥ ಕೂಗು.

ಕಣ್ಣು ಬಿಟ್ಟಾಗ ಕಿವಿ ಹರಿದ ಕುರಿ ನನ್ನ ಮೊಣಕಾಲಿಗೆ ಮೂತಿ ತಾಗಿಸಿತ್ತು. ಅದರ ಹಿಂದೆ ರಸ್ತೆ ಸೀಳಿದಂತೆ ಎರಡಾಗುತ್ತಿತ್ತು. ಅವರ ಕುರಿ ಆ ಕಡೆ, ನಮ್ಮ ಕುರಿ ಈ ಕಡೆ. ಬಸ್ಸಿನ ಡ್ರೈವರ್ ಎಂಜಿನ್ ಆರಿಸಿ ಕಿಟಕಿಯಿಂದ ನೋಡುತ್ತಿದ್ದ. ಕಾಂಪೌಂಡಿನಲ್ಲಿ ಒಂದೇ ಒಂದು "ಮ್ಯಾ" ಇರಲಿಲ್ಲ. ನೂರಿಪ್ಪತ್ತು ಕುರಿ ನನ್ನ ಸುತ್ತ ನಿಂತಿದ್ದವು, ನಾನು ನಡುವೆ ನಗುತ್ತಿದ್ದೆ. ಗೆದ್ದೆ ಅನ್ನಿಸಿತು. ಸಂಕೋಚವಿಲ್ಲದೆ ಹೇಳುತ್ತೇನೆ, ಗೆದ್ದೇಬಿಟ್ಟೆ ಅನ್ನಿಸಿತು.

"ಯಾರ್ದಪ್ಪ ಆ ಗಂಟ್ಲು?" ಎಂದು ಹರಿಯಬ್ಬೆಯ ಯಜಮಾನ ಆಚೆಯಿಂದ ಕೇಳಿದ.

ಅಪ್ಪ ನನ್ನ ಮುಖ ನೋಡಿದ, ಹೇಳಬಹುದಾ ಎಂದು. ನಾನು ಹೂಂ ಎಂಬಂತೆ ತಲೆಯಾಡಿಸಿದೆ. "ನನ್ ಮಗಳ್ದು" ಎಂದ. ಅವನ ದನಿ ಅಷ್ಟು ದೂರ ಹೋಗುವುದಿಲ್ಲವಲ್ಲ, ಹಾಗಾಗಿ ನಾನೇ ಕೂಗಿ ಹೇಳಿದೆ, "ನಂದೇ ರೀ!"

ಅಷ್ಟರಲ್ಲಿ ಆರನೇ ತರಗತಿಯ ಪುಟ್ಟ ಹುಡುಗಿಯರು ತಮ್ಮ ತಟ್ಟೆಯ ಅನ್ನ ತಂದು ಕುರಿಗಳಿಗೆ ಹಾಕಲು ಬಂದರು. "ಅನ್ನ ಹಾಕ್ಬ್ಯಾಡ್ರವ್ವ, ಹೊಟ್ಟೆ ಉಬ್ಬರಿಸ್ತವೆ" ಎಂದು ಅಪ್ಪ ಅವರ ಹಿಂದೆ ಓಡಾಡಿದ. ಗಲಾಟೆ ಕೇಳಿ ಹೆಡ್‌ಮೇಡಂ ಹೊರಗೆ ಬಂದರು. ಅಪ್ಪ ಅವರ ಮುಂದೆ ಟವೆಲ್ ತೆಗೆದು ನಿಂತ. ನಾನು ತಡೆಯಲಿಲ್ಲ. "ಇದನ್ನ ಒಂದ್ಸಲ ಕೇಳ್ರಿ ಮೇಡಂ. ಮೊದ್ಲು ಕೂಗೋದು ನನ್ ಮಗಳು. ಕೊನಿಗೆ ನಗೋರು ನಿಮ್ ಮಕ್ಳು" ಎಂದು ಫೋನ್ ಅವರ ಕೈಗೆ ಕೊಟ್ಟ. ಮೇಡಂ ಎರಡು ಸಲ ಕೇಳಿದರು. ನನ್ನ ಕಡೆ ನೋಡಿ, "ಇದು ಯಾವಾಗಿಂದ ನಡೀತಿದೆ?" ಎಂದರು. ಜುಲೈಯಿಂದ ಎಂದೆ. ಅವರ ಮುಖ ಕಪ್ಪಿಟ್ಟಿತು. ನಾವು ನೋಡಬೇಕಿತ್ತು ಎಂದು ದೊಡ್ಡವರೊಬ್ಬರು ನನ್ನ ಮುಂದೆ ಒಪ್ಪಿಕೊಂಡಿದ್ದು ಅದೇ ಮೊದಲು.

ಮರುದಿನವೇ ಎಲ್ಲ ತಿಳಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗುಂಪು ಹೋಯಿತು, ತಂದೆ ತಾಯಂದಿರನ್ನು ಕರೆಸಿದರು, ಎರಡು ವಾರ ಅಲ್ಲೊಂದು ಇಲ್ಲೊಂದು "ಮ್ಯಾ" ಕೇಳುತ್ತಿತ್ತು. ನಾನು ತಿರುಗಿ ನಿಂತು, "ಕುರಿ ಹಂಗೆ ಕೂಗಲ್ಲ ಕಣ್ರೋ, ಮೂಗಿಂದ ಬರ್ಬೇಕು" ಎಂದು ಕಲಿಸಿಕೊಟ್ಟೆ. ಕಲಿಸತೊಡಗಿದ ಮೇಲೆ ಅವರಿಗೆ ರುಚಿ ಹೋಯಿತು. ಹೊಟ್ಟೆನೋವು ಮಾತ್ರ ಬೇಗ ಬಿಡಲಿಲ್ಲ. ಮೇಡಂ ಹೇಳಿದಂತೆ ಅವ್ವ ನನ್ನನ್ನು ಜಿಲ್ಲಾಕೇಂದ್ರವಾದ ದುರ್ಗಕ್ಕೆ, ಮಕ್ಕಳ ಜೊತೆ ಮಾತಾಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಆರೇಳು ಸಲ ಕರೆದುಕೊಂಡು ಹೋದಳು. ಬೇಸಿಗೆ ಕಳೆಯುವ ಹೊತ್ತಿಗೆ ಬಸ್ಸಿನ ಹಾರನ್ ಬರೀ ಹಾರನ್ ಆಯಿತು. ಮಾರ್ಚ್ ಬಂತು, ಪರೀಕ್ಷೆ ಮುಗಿಯಿತು, ಶಾಲೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಜೂನ್‌ನಲ್ಲಿ ನಾನೇ ಹೋಗಿ ಒಂಬತ್ತನೇ ತರಗತಿಯ ಮೊದಲ ಬೆಂಚಿನಲ್ಲಿ ಕೂತೆ.

ಬಟ್ಟೆ ಅಂಗಡಿಯವರ ಮಗಳು ಬಂದು ಅತ್ತಳು. ನಾನು ಕೇಳಿಸಿಕೊಂಡೆ. ಕ್ಷಮಿಸಿದೆ ಎನ್ನಲಿಲ್ಲ, ಯಾಕೆಂದರೆ ಕ್ಷಮಿಸಿರಲಿಲ್ಲ. ಹತ್ತನೇ ತರಗತಿಯ ಹೊತ್ತಿಗೆ ಪೆನ್ನು ಕೇಳಿದರೆ ಕೊಡುವಷ್ಟು ಸರಿಹೋಯಿತು. ಅದಕ್ಕಿಂತ ಹೆಚ್ಚಿನದು ನನ್ನಿಂದ ಆಗಲಿಲ್ಲ, ಆಗದ್ದಕ್ಕೆ ಬೇಜಾರೂ ಇಲ್ಲ.

ಈಗ ನಾನು ದುರ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಆ ವಿಡಿಯೊದ ದನಿಯೇ ನನ್ನ ಫೋನಿನ ರಿಂಗ್‌ಟೋನ್. ಬಾಲಕ್ಕೆ ಅಂಟಿಸಿದ್ದ ನಗುವನ್ನೂ ಕತ್ತರಿಸಿಲ್ಲ. ಸಾಮಾನ್ಯವಾಗಿ ಅಲ್ಲಿಗೆ ಹೋಗುವ ಮೊದಲೇ ಎತ್ತಿರುತ್ತೇನೆ. ಹೋದ ತಿಂಗಳು ಊರಿಂದ ವಾಪಸು ಬರುವಾಗ ಫೋನು ಬ್ಯಾಗಿನ ತಳಕ್ಕೆ, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟಿನ ಕೆಳಗೆ ಹೋಗಿತ್ತು. ತುಂಬಿದ ಬಸ್ಸಿನಲ್ಲಿ ಕೂಗು ಪೂರ್ತಿ ಕೂಗಿತು, ನಗುವೂ ಪೂರ್ತಿ ನಕ್ಕಿತು. ಎಲ್ಲರೂ ತಿರುಗಿ ನೋಡಿದರು. ನಾನು ಹೊಟ್ಟೆ ಮುಟ್ಟಿ ನೋಡಿಕೊಂಡೆ. ಹಳೆಯ ನೋವೇನೂ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು, "ಯಾರ್ದವ್ವ ಆ ಕೂಗು? ಭಾಳ ಚೆಂದೈತೆ" ಎಂದಳು.

"ನಂದೇ ಅಜ್ಜಿ."

"ನಗೋರು?"

"ಅವರಾ? ಅವರು ಯಾರೋ" ಎಂದು ಹೇಳಿ, ಅಷ್ಟರಲ್ಲಿ ಮತ್ತೆ ಕೂಗಿದ ಫೋನನ್ನು ಎತ್ತಿಕೊಂಡೆ. ಅಪ್ಪ. ಆ ಪಿಸುದನಿಯಲ್ಲಿ, "ಬಸ್ಸಾಗೆ ಸೀಟು ಸಿಕ್ತೇನವ್ವ?" ಎಂದು ಕೇಳುತ್ತಿದ್ದ.